ಹೊಡೆದುಹಾಕಿದ ಮೂರು ಸಾಲು

ನನಗೆ ಒಂದಕ್ಷರವೂ ಅರ್ಥವಾಗದ ಭಾಷೆಯಲ್ಲಿ ನಾನು ಎರಡು ವರ್ಷ ಅಂಕಣ ಬರೆದುಕೊಟ್ಟಿದ್ದೇನೆ. ಅಂಕಣ ನನ್ನದಲ್ಲ, ಕೈಬರಹ ಮಾತ್ರ ನನ್ನದು. ಭಾಷೆ ಗಲೀಷಿಯನ್, ಸ್ಪೇನಿನ ವಾಯವ್ಯ ಮೂಲೆಯಲ್ಲಿ, ಮೂರು ಪಾಲು ಮಳೆ ಒಂದು ಪಾಲು ನೆಲ ಇರುವ ಗಲೀಷಿಯಾ ಎಂಬ ಸೀಮೆಯವರ ಮನೆಮಾತು. ಅದನ್ನು ಬಾಯಲ್ಲಿ ಹೇಳುತ್ತಿದ್ದವರು ಅಡಿಲೇಡಿನಲ್ಲಿ ಒಂಟಿಯಾಗಿದ್ದ, ಎಂಬತ್ತೇಳು ದಾಟಿದ ಒಬ್ಬ ಲೇಖಕರು, ಪತ್ರಕರ್ತರು. ಕೇಳಿದ್ದನ್ನು ಕೇಳಿದ ಹಾಗೆ ನಾನು ಕನ್ನಡ ಅಕ್ಷರದಲ್ಲಿ ಇಳಿಸಿಕೊಳ್ಳುತ್ತಿದ್ದೆ. ಹೇಳಿದರೆ ಯಾರೂ ನಂಬುವುದಿಲ್ಲ. ನನ್ನ ಹೆಂಡತಿಯೂ ನಂಬಿರಲಿಲ್ಲ. ಒಂದು ಪುಟದ ಫೋಟೋ ತೆಗೆದು ಕಳಿಸಿದೆ. ಓದಿ ನೋಡಿ ಫೋನ್ ಮಾಡಿದಳು: "ರೀ, ಡಾಕ್ಟ್ರು ನಿಮ್ಮ ಬಿಪಿ ಮಾತ್ರೆ ಏನಾದ್ರೂ ಬದಲಾಯಿಸಿದ್ರಾ?"

ಹೆಂಡತಿ ಬ್ರಿಸ್ಬೇನಿನಲ್ಲಿದ್ದಾಳೆ, ಮಗಳೂ ಅಲ್ಲೇ. ನಾನು ಅಡಿಲೇಡಿನಲ್ಲಿ. ಇದನ್ನು ಕೇಳಿದ ಕನ್ನಡದವರು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ "ಓ, ಕೆಲಸದ ಮೇಲಾ?" ಎನ್ನುತ್ತಾರೆ. ಆ ಒಂದು ಕ್ಷಣದಲ್ಲಿ ಅವರು ಏನೇನು ಊಹಿಸಿಕೊಂಡಿರಬಹುದು ಎಂದು ನಾನು ಒಂದು ವಾರ ಚಿಂತೆ ಮಾಡುತ್ತೇನೆ. ನಿಜ ಸಂಗತಿ ಅಷ್ಟೇನೂ ರಸವತ್ತಾಗಿಲ್ಲ. ಮೈಸೂರಿನ ಒಂದು ಸಂಜೆ ಪತ್ರಿಕೆಯಲ್ಲಿ ಹನ್ನೊಂದು ವರ್ಷ ಉಪಸಂಪಾದಕನಾಗಿದ್ದೆ. ಪತ್ರಿಕೆ ಮುಚ್ಚಿತು. ಹೆಂಡತಿ ಭೂವಿಜ್ಞಾನಿ, ಅವಳಿಗೆ ಆಸ್ಟ್ರೇಲಿಯಾದ ಪಶ್ಚಿಮ ದಂಡೆಯ ಪರ್ತಿನಲ್ಲಿ, ಗಣಿ ಕಂಪನಿಯೊಂದರಲ್ಲಿ ಕೆಲಸವಾಯಿತು, ಅವಳ ವೀಸಾದ ಬಾಲ ಹಿಡಿದುಕೊಂಡು ನಾನೂ ಬಂದೆ. ಅಲ್ಲಿನ ಕ್ಯಾನಿಂಗ್ ವೇಲ್ ಬಡಾವಣೆಯಲ್ಲಿ ಮನೆ. ಅವಳು ಎರಡು ವಾರ ಉತ್ತರದ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ನಾನು ಮಗಳನ್ನು ಸ್ಕೂಲಿಗೆ ಬಿಟ್ಟು ಬಂದು, ಗ್ಯಾಸ್ ಆರಿಸಿದೆನೇ ಎಂದು ಮೂರು ಸಲ ನೋಡಿ, ಕೆಲಸದ ಅರ್ಜಿ ತುಂಬುತ್ತಿದ್ದೆ. ಕನ್ನಡ ವಾಕ್ಯವನ್ನು ಅರ್ಧಕ್ಕೆ ಇಳಿಸುವ ವಿದ್ಯೆ ಬಲ್ಲವನು ಬೇಕು ಎಂದು ಪರ್ತಿನಲ್ಲಿ ಯಾರೂ ಜಾಹೀರಾತು ಕೊಟ್ಟಿರಲಿಲ್ಲ.

ಒಂದೇ ಒಂದು ಸಲ ಆ ವಿದ್ಯೆಗೆ ಗಿರಾಕಿ ಸಿಕ್ಕಿದ್ದು ಅಲ್ಲಿನ ಕನ್ನಡದವರ ಸ್ಮರಣ ಸಂಚಿಕೆಯಲ್ಲಿ. ಪಕ್ಕದ ಬಡಾವಣೆ ಪಿಯಾರಾ ವಾಟರ್ಸಿನ ಮೈನಿಂಗ್ ಇಂಜಿನಿಯರರೊಬ್ಬರು ತಮ್ಮ ತಾಯಿಯ ಮೇಲೆ ಮೂವತ್ತೆರಡು ಸಾಲಿನ ಪದ್ಯ ಕೊಟ್ಟಿದ್ದರು. ನಾನು ಅದನ್ನು ಹನ್ನೆರಡಕ್ಕೆ ಇಳಿಸಿದೆ. ಒಳ್ಳೆಯ ಹನ್ನೆರಡು ಸಾಲು ಎಂದು ಈಗಲೂ ಹೇಳುತ್ತೇನೆ. ಸಂಚಿಕೆ ಬಂದ ಮೇಲೆ ಅವರ ಮನೆಯ ಹಿತ್ತಿಲಿನಲ್ಲಿ ಬಾರ್ಬಿ, ಅಂದರೆ ಕೆಂಡದ ಮೇಲೆ ಸುಟ್ಟು ತಿನ್ನುವ ಕೂಟ, ಇತ್ತು. ನನ್ನ ತಟ್ಟೆಗೆ ಎರಡೇ ಎರಡು ಪನೀರಿನ ತುಂಡು ಹಾಕಿ ಅವರು, "ಮಿಕ್ಕಿದ್ದು ತೆಗೆದ್ಬಿಟ್ಟಿದೀನಿ ಸಾರ್, ನಿಮಗೆ ಕಮ್ಮಿ ಇದ್ರೇನೇ ಚಂದ ಅಲ್ವಾ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಆ ಕಡೆ ಹೋಗಲಿಲ್ಲ.

ಕೊನೆಗೆ ವೃದ್ಧರನ್ನು ನೋಡಿಕೊಳ್ಳುವ ಕೋರ್ಸ್ ಮಾಡಿದೆ. ಕಾಯಂ ಕೆಲಸ ಸಿಕ್ಕಿದ್ದು ಅಡಿಲೇಡಿನಲ್ಲಿ. ಮನೆಮನೆಗೆ ಹೋಗಿ ಹಿರಿಯರಿಗೆ ಔಷಧಿ ನೆನಪಿಸುವುದು, ಅಂಗಡಿಗೆ ಕರೆದೊಯ್ಯುವುದು, ಒಟ್ಟಿಗೆ ಚಹಾ ಕುಡಿಯುವುದು. ಆರು ತಿಂಗಳು ನಾನು ಇಲ್ಲಿ ಊರಿಕೊಂಡ ಮೇಲೆ ಅವರಿಬ್ಬರೂ ಬರುವುದು ಎಂದು ಮಾತಾಗಿತ್ತು. ಮೂರನೆಯ ತಿಂಗಳಿಗೆ ಕಂಪನಿ ಹೆಂಡತಿಯನ್ನು ಪೂರ್ವ ದಂಡೆಯ ಬ್ರಿಸ್ಬೇನಿಗೆ ಹಾಕಿತು. ನಾನು ಪೂರ್ವದ ಕಡೆಗೆ ಅರ್ಧ ದಾರಿ ಬಂದಿದ್ದೆ. ಅವರು ನನ್ನ ತಲೆಯ ಮೇಲೆ ಹಾರಿ ಪೂರ್ತಿ ದಾರಿ ಹೋದರು. ಕ್ಯಾಲಮ್‌ವೇಲಿನಲ್ಲಿ ಮನೆ ಮಾಡಿದರು, ಮಗಳಿಗೆ ಸ್ಕೂಲು ಸಿಕ್ಕಿತು. "ಸದ್ಯಕ್ಕೆ ಹೀಗಿರಲಿ" ಎಂದೆವು. ಸದ್ಯಕ್ಕೆ ಎಂಬುದು ಎರಡು ವರ್ಷ ಆಯಿತು.

ನಾನು ನೋಡಿಕೊಳ್ಳುತ್ತಿದ್ದ ಆ ಗಲೀಷಿಯಾದ ಲೇಖಕರನ್ನು ಅಂಕಲ್ ಎಂದೇ ಕರೆಯುತ್ತಿದ್ದೆ. ಮೊದಲ ದಿನವೇ, "ನಾನು ನಿನ್ನ ಚಿಕ್ಕಪ್ಪನೂ ಅಲ್ಲ, ದೊಡ್ಡಪ್ಪನೂ ಅಲ್ಲ" ಎಂದು ಆಕ್ಷೇಪಿಸಿದರು. ನಮ್ಮ ಕಡೆ ಹಿರಿಯರನ್ನು ಹೆಸರು ಹಿಡಿದು ಕರೆದರೆ ನಾಲಿಗೆ ಸೇದಿಹೋಗುತ್ತದೆ ಎಂದೆ. "ಹಾಗಾದರೆ ಕರಿ. ಆದರೆ ಆಸ್ತಿಯಲ್ಲಿ ಪಾಲು ಕೇಳಬೇಡ" ಎಂದರು. ನಾವು ಆಡುತ್ತಿದ್ದದ್ದು ಇಂಗ್ಲಿಷ್, ಇಬ್ಬರದೂ ಎರವಲು. ಯಾಕೋ ನನ್ನ ನೆನಪಿನಲ್ಲಿ ಅವರು ಕನ್ನಡದಲ್ಲೇ ಮಾತಾಡುತ್ತಾರೆ.

ಅವರ ಕಣ್ಣಿನ ನಟ್ಟನಡುವೆ ಒಂದು ಕಪ್ಪು ಮಚ್ಚೆ ಬೆಳೆದಿತ್ತು. ಪಕ್ಕದಲ್ಲಿರುವುದು ಮಸುಕಾಗಿ ಕಾಣುತ್ತಿತ್ತು, ಎದುರಿಗಿರುವುದು ಕಾಣುತ್ತಿರಲಿಲ್ಲ. ನನ್ನನ್ನು ನೋಡಬೇಕೆಂದರೆ ಗೋಡೆಯನ್ನು ನೋಡುತ್ತಿದ್ದರು. ಓದುವುದು ಬರೆಯುವುದು ನಿಂತಿತ್ತು. ಆದರೆ ಊರಿನ ಪತ್ರಿಕೆಗೆ ಹದಿನೈದು ದಿನಕ್ಕೊಂದು ಅಂಕಣ ಮಾತ್ರ ನಿಂತಿರಲಿಲ್ಲ. ನಾನು ಬರುವ ಮೊದಲು ಅವರ ಹೆಂಡತಿ ಬರೆದುಕೊಳ್ಳುತ್ತಿದ್ದರಂತೆ. ಆಕೆ ಹೋಗಿ ನಾಲ್ಕು ತಿಂಗಳಾಗಿತ್ತು.

"ಫೋನಿಗೆ ಹೇಳಿದರೆ ಅದೇ ಬರೆದುಕೊಳ್ಳುತ್ತಲ್ಲ ಅಂಕಲ್" ಎಂದೆ.

"ಬರೆದುಕೊಳ್ಳುತ್ತೆ. ಎಲ್ಲವನ್ನೂ ಸ್ಪ್ಯಾನಿಶ್ ಮಾಡಿ ಬರೆದುಕೊಳ್ಳುತ್ತೆ. ನಮ್ಮ ಮೇಷ್ಟ್ರೂ ಹಾಗೇ ಮಾಡ್ತಿದ್ದರು. ಅವರ ಕೈಯಲ್ಲಿ ಕೋಲಾದರೂ ಇತ್ತು."

"ನಿಮ್ಮ ಧ್ವನಿಯನ್ನೇ ರೆಕಾರ್ಡ್ ಮಾಡಿ ಕಳಿಸಿದರೆ?"

"ಬಾಯಿಂದ ಬಂದದ್ದು ಬರಹ ಅಲ್ಲ. ಅದನ್ನು ಯಾರಾದರೂ ತಿರುಗಿ ಓದಿ ಹೇಳಬೇಕು, ನಾನು ನಾಚಿಕೆಪಟ್ಟು ತಿದ್ದಬೇಕು. ಆಮೇಲೆ ಬರಹ. ನೀನು ಪತ್ರಿಕೆಯಲ್ಲಿದ್ದೆ ಅಂದೆಯಲ್ಲ, ಇಷ್ಟೂ ಗೊತ್ತಿಲ್ಲವಾ?"

ಆ ಮಾತು ನನಗೆ ನಾಟಿತು. ಚೀಲದಲ್ಲಿದ್ದ ನೋಟ್‌ಬುಕ್ ತೆಗೆದು, ಒಂದು ವಾಕ್ಯ ಹೇಳಿ ನೋಡೋಣ ಎಂದೆ. ಹೇಳಿದರು. ಕನ್ನಡದಲ್ಲಿ ಬರೆದುಕೊಂಡೆ. ತಿರುಗಿ ಓದಿದೆ. ಅವರು ಗೋಡೆಯ ಕಡೆಗೆ ಮುಖ ತಿರುಗಿಸಿದರು. "ಇನ್ನೊಂದು ಸಲ ಓದು" ಎಂದರು.

ಹೀಗೆ ಶುರುವಾಯಿತು. ಆ ಭಾಷೆಯಲ್ಲಿ ಒಂದು ಮೂಗಿನ ಸದ್ದಿದೆ. ಅದಕ್ಕೆ ನಮ್ಮ ಞ ಅಕ್ಷರ ಅಳತೆ ತೆಗೆದು ಹೊಲಿದ ಹಾಗಿತ್ತು. ಒಂದನೆಯ ಕ್ಲಾಸಿನಿಂದ ವರ್ಣಮಾಲೆಯಲ್ಲಿ ಸುಮ್ಮನೆ ಹಾಜರಿ ಹಾಕಿಕೊಂಡಿದ್ದ ಞ, ವಿದೇಶಕ್ಕೆ ಬಂದು ನನಗಿಂತ ಒಳ್ಳೆಯ ಕೆಲಸ ಹಿಡಿಯಿತು. ಅಂಕಲ್ ಒಂದು ವಾಕ್ಯವನ್ನು ಮೊದಲು ಪೂರ್ತಿಯಾಗಿ ಹೇಳುತ್ತಿದ್ದರು, ಆಮೇಲೆ ತುಂಡು ತುಂಡಾಗಿ. ನಾನು ಓದಿ ಹೇಳುತ್ತಿದ್ದೆ, ಅವರು ತಿದ್ದಿಸುತ್ತಿದ್ದರು. ಎಲ್ಲ ಮುಗಿದ ಮೇಲೆ ಮನೆಗೆ ಹೋಗಿ, ಫೋನಿನಲ್ಲಿ ನಿಧಾನವಾಗಿ ಓದಿ, ಗಲೀಷಿಯಾದಲ್ಲಿದ್ದ ಅವರ ತಮ್ಮನ ಮಗಳಿಗೆ ಆ ಧ್ವನಿ ಕಳಿಸುತ್ತಿದ್ದೆ. ಆಕೆ ಶಾಲೆಯಲ್ಲಿ ಟೀಚರ್. ಕೇಳಿಕೊಂಡು ಟೈಪ್ ಮಾಡಿ ಪತ್ರಿಕೆಗೆ ಕೊಡುತ್ತಿದ್ದಳು. ಮೊದಲ ಸಲ ಕೇಳಿ ಆಕೆ ಬರೆದ ಉತ್ತರ ಇಷ್ಟೇ: "ನೆಗಡಿಯಾದ ಪಕ್ಕದೂರಿನವರು ಓದಿದ ಹಾಗಿದೆ. ಎಲ್ಲ ತಿಳಿಯುತ್ತೆ."

ಅದನ್ನು ಓದಿ ನನಗೆ ಎಷ್ಟು ಖುಷಿಯಾಯಿತೆಂದರೆ, ಅವತ್ತು ಸಂಜೆ ಅನ್ನಕ್ಕೆ ತುಪ್ಪ ಹಾಕಿಕೊಂಡೆ. ಡಾಕ್ಟರು ಬೇಡ ಎಂದಿದ್ದರು.

ಅವರ ಜೀವನ ನನಗೆ ಎರಡೆರಡು ಗಂಟೆಯ ಕಂತುಗಳಲ್ಲಿ ಸಿಕ್ಕಿತು, ಮಂಗಳವಾರ ಮತ್ತು ಶುಕ್ರವಾರ, ಎರಡರಿಂದ ನಾಲ್ಕು. ಮೀನುಗಾರರ ಹಳ್ಳಿ, ನಾಲ್ಕು ಮಕ್ಕಳಲ್ಲಿ ಹಿರಿಯವರು. ಮನೆಯಲ್ಲಿ ಆಡಿದ ಮಾತನ್ನು ಶಾಲೆಯಲ್ಲಿ ಆಡಿದರೆ ಏಟು. ಹತ್ತೊಂಬತ್ತನೆಯ ವಯಸ್ಸಿಗೆ ಬಂದರು ಪಟ್ಟಣದ ಪತ್ರಿಕೆ ಸೇರಿದರು. ಅಲ್ಲಿ ಮೊದಲ ಕೆಲಸ ಸಾವಿನ ಜಾಹೀರಾತು. ಆ ಸೀಮೆಯ ಜನ ಪತ್ರಿಕೆ ಕೈಗೆ ಬಂದರೆ ಮೊದಲು ತಿರುಗಿಸುವುದು ಸತ್ತವರ ಪುಟವನ್ನೇ. ವಿಧವೆಯರು ಕೌಂಟರಿನ ಮುಂದೆ ನಿಂತು ಅಳುತ್ತಾ ಹೇಳಿದ್ದನ್ನು ಇವರು ಚೌಕದೊಳಗೆ ಕೂರಿಸಬೇಕು. ಸತ್ತವನ ಹೆಸರಿಗಿಂತ ಅವನ ಮನೆಯ ಹೆಸರು ಮುಖ್ಯ, ಅದು ತಪ್ಪಿದರೆ ಇಡೀ ಊರು ಬಾಗಿಲಿಗೆ ಬರುತ್ತಿತ್ತಂತೆ. ಆಮೇಲೆ ಮೀನು ಹರಾಜಿನ ಸುದ್ದಿ. ಆಮೇಲೆ, ಒಂದು ದೋಣಿ ಮುಳುಗಿದಾಗ, ಅದು ಕಡಲಿಗಿಳಿಯಲು ಲಾಯಕ್ಕಿರಲಿಲ್ಲ ಎಂದು ಬರೆದರು. ಸರ್ವಾಧಿಕಾರಿಯ ಕಾಲ. ಬರಹವನ್ನು ಒಬ್ಬ ಅಧಿಕಾರಿ ಕತ್ತರಿಸಿದ, ಬರೆದವನನ್ನು ಮಾಲೀಕ ಕತ್ತರಿಸಿದ. ಇಪ್ಪತ್ತೈದಕ್ಕೆ ಹಡಗು ಹತ್ತಿದರು.

ಕ್ವೀನ್ಸ್‌ಲ್ಯಾಂಡಿನಲ್ಲಿ ಕಬ್ಬು ಕಡಿದರು. ಜೊತೆಗಿದ್ದ ಸ್ಪೇನಿನವರಿಗೆ ಊರಿಗೆ ಕಾಗದ ಬರೆದುಕೊಡುತ್ತಿದ್ದರು. ಅಂಥ ಒಂದು ಕಾಗದವನ್ನು ಯಾರದೋ ಅಕ್ಕ ಪತ್ರಿಕೆಗೆ ಕೊಟ್ಟಳು, ಅಚ್ಚಾಯಿತು. ಅಂಕಣ ಹುಟ್ಟಿದ್ದು ಹಾಗೆ. ಮೊದಮೊದಲು ಸ್ಪ್ಯಾನಿಶ್‌ನಲ್ಲಿ. ಸರ್ವಾಧಿಕಾರಿ ಸತ್ತ ಮೇಲೆ ಮನೆಮಾತಿನಲ್ಲಿ. ಅಡಿಲೇಡಿನ ಕಾರು ಕಾರ್ಖಾನೆಯಲ್ಲಿ ಬಾಗಿಲು ಜೋಡಿಸುತ್ತಾ ಮೂರು ಪುಸ್ತಕ ಬರೆದರು. ಒಂದಕ್ಕೆ ಬಹುಮಾನವೂ ಬಂತು. ಅದನ್ನು ತೆಗೆದುಕೊಳ್ಳಲು ಇವರ ಬದಲು ಇವರ ತಮ್ಮನೇ, ಸೂಟು ಹಾಕಿಕೊಂಡು, ಹೋಗಿದ್ದ.

"ಈಗ ತಮ್ಮ ಚೆನ್ನಾಗಿದ್ದಾರಾ?" ಎಂದು ನಾನು ಸಹಜವಾಗಿ ಕೇಳಿದ್ದೆ.

"ಇದ್ದಾನೆ. ಇಪ್ಪತ್ತು ವರ್ಷದಿಂದ ಮಾತಿಲ್ಲ."

ಕಾರಣ ಮೂರನೆಯ ಪುಸ್ತಕ. ತಾಯಿ ಸತ್ತಾಗ ಅಂಕಲ್ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂಬುದಕ್ಕೆ ಮೂರು ಬೇರೆ ಬೇರೆ ಕಾರಣ ಹೇಳಿದ್ದರು, ಮೂರು ಬೇರೆ ಬೇರೆ ದಿನ. ಆದರೆ ಪುಸ್ತಕದಲ್ಲಿ ಆ ಸಾವನ್ನು ಬರೆದರು. ತಾಯಿ ತಣ್ಣಗಿನ ಅಡುಗೆಮನೆಯಲ್ಲಿ ಒಬ್ಬಳೇ ಕಣ್ಣುಮುಚ್ಚಿದಳು ಎಂದು. ಚೆನ್ನಾಗಿ ಬಂದಿತ್ತಂತೆ, ವಿಮರ್ಶಕರು ಹೊಗಳಿದರಂತೆ. ತಮ್ಮನಾದರೋ ಏಳು ವರ್ಷ ಆ ತಾಯಿಗೆ ಸ್ನಾನ ಮಾಡಿಸಿದ್ದ, ತುತ್ತು ಉಣ್ಣಿಸಿದ್ದ, ಕೊನೆಯ ಉಸಿರಿನಲ್ಲಿ ಕೈ ಹಿಡಿದು ಕೂತಿದ್ದ. ಪುಸ್ತಕ ಓದಿ ಒಂದು ಕಾಗದ ಬರೆದ: "ನೀನು ಇರದೇ ಇದ್ದ ಮನೆಯಲ್ಲಿ ನನ್ನನ್ನೂ ಇಲ್ಲದ ಹಾಗೆ ಮಾಡಿದೆ." ಅಷ್ಟೇ. ನಡುವಿನ ಇಬ್ಬರು ಅಕ್ಕತಂಗಿಯರು ತೀರಿಕೊಂಡರು. ಉಳಿದವರು ಇವರಿಬ್ಬರೇ. ತಮ್ಮನು ಆ ಪತ್ರಿಕೆಯನ್ನು ಮಾತ್ರ ದಿನಾ ಓದುತ್ತಾನೆ ಎಂದು ಅವನ ಮಗಳು ಹೇಳುತ್ತಿದ್ದಳು. ಅಣ್ಣನ ಅಂಕಣದ ದಿನ ಸತ್ತವರ ಪುಟವನ್ನು ಸ್ವಲ್ಪ ಬೇಗ ಮುಗಿಸುತ್ತಾನಂತೆ.

ಕಳೆದ ಚಳಿಗಾಲದಲ್ಲಿ ಅಂಕಲ್‌ಗೆ ಕೆಮ್ಮು ಹಿಡಿಯಿತು. ಒಂದು ಶುಕ್ರವಾರ ಹೋದಾಗ ಹಾಸಿಗೆಯಲ್ಲೇ ದಿಂಬಿಗೊರಗಿ ಕೂತಿದ್ದರು. "ಇದು ತಮ್ಮನಿಗೆ" ಎಂದರು. "ಹೆಸರು ಹಾಕಲ್ಲ. ಅವನಿಗೆ ಗೊತ್ತಾಗುತ್ತೆ. ಕ್ಷಮೆ ಕೇಳೋದು ನನಗೆ ಬರಲ್ಲ, ಅಂಕಣ ಬರೆಯೋದು ಬರುತ್ತೆ." ಏನು ಬರೆಸುತ್ತಾರೆಂದು ಹೇಳಲಿಲ್ಲ. ನಡುನಡುವೆ ಕೆಮ್ಮುತ್ತಾ ಒಂದೂವರೆ ಗಂಟೆ ಹೇಳಿದರು. ಮುಕ್ಕಾಲು ಭಾಗ ಆದ ಮೇಲೆ ಒಂದು ಸಣ್ಣ ವಾಕ್ಯ ಹೇಳಿದರು. ಬರೆದುಕೊಂಡೆ. ಮತ್ತೆ ಅದನ್ನೇ ಹೇಳಿದರು. ಬರೆದುಕೊಂಡೆ. ಮೂರನೆಯ ಸಲ, ನಾಲ್ಕನೆಯ ಸಲ. ಪ್ರತಿ ಸಲವೂ ಮುಖವನ್ನು ಬೇರೆ ಕಡೆಗೆ ತಿರುಗಿಸಿ, ಪ್ರತಿ ಸಲವೂ ಅದೇ ವಾಕ್ಯ.

ಹೇಳಿದ್ದನ್ನೇ ಹೇಳುವುದು, ಮುಖದಲ್ಲಿ ಆ ಹುಡುಕಾಟ; ಕೋರ್ಸಿನಲ್ಲಿ ನಮಗೆ ಇದನ್ನೇ ಮೊದಲ ಪಾಠ ಮಾಡಿದ್ದರು. ಮರೆವು ಶುರುವಾಯಿತು ಎಂದು ತೀರ್ಮಾನಿಸಿಬಿಟ್ಟೆ. ಕೇಳಬಹುದಿತ್ತು. ಕೇಳಿದರೆ ಅವರಿಗೆ ಗೊತ್ತಾಗಿಬಿಡುತ್ತದಲ್ಲ ಎಂದು ಹೆದರಿದೆ. ಮುಗಿದಾಗ ಅವರಿಗೆ ಸುಸ್ತಾಗಿತ್ತು. "ಇವತ್ತು ಓದಿ ಹೇಳಬೇಡ. ಇದನ್ನು ಇಪ್ಪತ್ತು ವರ್ಷದಿಂದ ಮನಸ್ಸಿನಲ್ಲೇ ತಿದ್ದಿದ್ದೇನೆ. ಕಳಿಸಿಬಿಡು" ಎಂದು ಕಣ್ಣುಮುಚ್ಚಿದರು.

ಮನೆಗೆ ಬಂದು ಪದ ಎಣಿಸಿದೆ. ಪತ್ರಿಕೆಯವರು ಕೊಟ್ಟ ಮಿತಿಗಿಂತ ಸ್ವಲ್ಪ ಹೆಚ್ಚಾಗಿತ್ತು. ಕೈಯಲ್ಲಿ ಕೆಂಪು ಪೆನ್ನಿತ್ತು. ಯಾಕಿತ್ತು ಎಂದು ಕೇಳಬೇಡಿ. ಹನ್ನೊಂದು ವರ್ಷದ ಅಭ್ಯಾಸ, ಈಗಲೂ ಅಂಗಡಿಯ ಪಟ್ಟಿಯನ್ನು ಕೆಂಪು ಪೆನ್ನಿನಲ್ಲೇ ಬರೆಯುತ್ತೇನೆ. ಮೊದಲ ಸಾಲು ಉಳಿಸಿ ಮಿಕ್ಕ ಮೂರನ್ನು ಹೊಡೆದುಹಾಕಿದೆ. ಮಿತಿಗೆ ಸರಿಹೋಯಿತು. ನಿಜ ಹೇಳಬೇಕೆಂದರೆ, ಆ ಘಳಿಗೆಯಲ್ಲಿ ನನಗೆ ಸುಖವಾಯಿತು. ಬಹಳ ವರ್ಷದ ಮೇಲೆ ಒಂದು ಪುಟವನ್ನು ಬಿಗಿ ಮಾಡಿದ್ದೆ. ಒಬ್ಬ ಹಿರಿಯರ ಮರ್ಯಾದೆಯನ್ನೂ ಉಳಿಸಿದ್ದೆ. ನೋಟ್‌ಬುಕ್ಕಿನಿಂದ ಓದಿ ಕಳಿಸಿ, ನೆಮ್ಮದಿಯಾಗಿ ಸ್ನಾನ ಮಾಡಿದೆ.

ಅಂಕಣ ಅಚ್ಚಾಯಿತು. ಮುಂದಿನ ಮಂಗಳವಾರ ಹೋದಾಗ ಅಂಕಲ್ ಎದ್ದು ಕುರ್ಚಿಯಲ್ಲಿ ಕೂತಿದ್ದರು. ಕೆಮ್ಮು ಹೋಗಿತ್ತು, ಮುಖ ಕೆಂಪಾಗಿತ್ತು. ತಮ್ಮನ ಮಗಳು ಬೆಳಿಗ್ಗೆ ಫೋನ್ ಮಾಡಿದ್ದಳಂತೆ. ತಮ್ಮನು ಅಂಕಣ ಓದಿ, ಪತ್ರಿಕೆಯನ್ನು ನಾಲ್ಕು ಮಡಿಕೆ ಮಡಚಿ ಒಲೆಯ ಪಕ್ಕದ ಸೌದೆಯ ಮೇಲಿಟ್ಟು, "ಅಮ್ಮ ಇವನೊಬ್ಬನನ್ನೇ ಕರೆದಳಂತೆ" ಎಂದನಂತೆ. ಬೇರೆ ಮಾತಿಲ್ಲ.

"ಏನು ಬರೆದಿದ್ದಿರಿ ಅಂಕಲ್?" ಎಂದು ಕೇಳಿದೆ.

ಅವರು ಗೋಡೆಯನ್ನು ನೋಡುತ್ತಾ ಹೇಳಿದರು. ಕತ್ತಲಾಗುವ ಹೊತ್ತಿಗೆ ತಾಯಿ ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದಳು. ನಾಲ್ಕು ಮಕ್ಕಳು ನಾಲ್ಕು ದಿಕ್ಕಿನಲ್ಲಿ: ಒಬ್ಬಳು ಕಡಲ ದಂಡೆಯಲ್ಲಿ ಚಿಪ್ಪು ಆರಿಸುತ್ತಾ, ಒಬ್ಬಳು ಜೋಳದ ಹೊಲದಲ್ಲಿ, ಇವರು ಕಲ್ಲುಗೋಡೆಯ ಮೇಲೆ, ಕೊನೆಯವನು ಎಲ್ಲೋ ಮರದ ಮೇಲೆ. ತಾಯಿ ಹೆಸರು ಹಿಡಿದು ಕೂಗುತ್ತಿರಲಿಲ್ಲ. ನಾಲ್ಕು ಕಡೆಗೂ ತಿರುಗಿ ನಾಲ್ಕು ಸಲ ಒಂದೇ ಮಾತು: ಒಳಗೆ ಬಾ, ಸಾರು ಆರಿಹೋಗುತ್ತೆ.

"ಆ ಸಾಲನ್ನು ನಾಲ್ಕು ಸಲ ಹಾಕಿದ್ದೆ. ಒಂದರ ಕೆಳಗೆ ಒಂದು. ಬೇರೇನೂ ಹೇಳಿರಲಿಲ್ಲ, ಹೇಳಬೇಕಾಗೂ ಇರಲಿಲ್ಲ. ಕೊನೆಯದು ಅವನದು. ಒಂದೇ ಉಳಿದರೆ ಅಮ್ಮ ಕರೆದದ್ದು ನನ್ನೊಬ್ಬನನ್ನೇ ಅಂತಾಗುತ್ತೆ. ಆ ಪತ್ರಿಕೆಯಲ್ಲಿ ಯಾವನೋ ಹುಡುಗು ಮುಂಡೇದು ಕೂತುಕೊಂಡು ಮೂರು ಸಾಲು ಕತ್ತರಿಸಿದ್ದಾನೆ. ತಗೋ ನೋಟ್‌ಬುಕ್. ಸಂಪಾದಕನಿಗೆ ಕಾಗದ. ಇನ್ನು ಮೇಲೆ ಅಂಕಣ ಇಲ್ಲ ಅಂತ ಬರಿ."

ತಗೊಂಡೆ. ಅವರು ಶುರುಮಾಡಿದರು. ಗಲೀಷಿಯನ್ ಭಾಷೆಯಲ್ಲಿ ಬೈಗುಳ ಇಷ್ಟು ದುಂಡಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಅರ್ಥವಾಗದಿದ್ದರೂ ಕಿವಿ ಬಿಸಿಯಾಯಿತು. ನಾನು ಬರೆಯುತ್ತಾ ಹೋದೆ, ಒತ್ತು ದೀರ್ಘ ಒಂದೂ ಬಿಡದೆ. ಒಂದು ಪುಟ ತುಂಬಿತು. ಕಾಗದ ಹೋಗಲಿ, ಆ ಪತ್ರಿಕೆಯವರು ತಾವಲ್ಲ ಎನ್ನಲಿ, ತನಿಖೆಯಾಗಲಿ, ಅಷ್ಟು ಹೊತ್ತಿಗೆ ಅಂಕಲ್ ಮರೆತಿರುತ್ತಾರೆ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಅವರಿಗೆ ಮರೆವಿಲ್ಲ ಎಂಬುದು ಆಗ ತಾನೇ ಸಾಬೀತಾಗಿತ್ತು. ಅಡಿಲೇಡಿನಲ್ಲಿ ನನ್ನ ದಾರಿ ನೋಡುತ್ತಿದ್ದವರು ಅವರೊಬ್ಬರೇ. ಹೇಳಿದರೆ ಅದು ಹೋಗುತ್ತದೆ. ಹೇಳದಿದ್ದರೆ ಅವರಿಗೆ ತಮ್ಮ ತಪ್ಪಿಹೋಗುತ್ತಾನೆ.

"ಅಂಕಲ್, ನಿಲ್ಲಿಸಿ. ಆ ಮುಂಡೇದು ನಾನೇ."

ಅವರಿಗೆ ಮೊದಲು ತಿಳಿಯಲಿಲ್ಲ. ವಿವರಿಸಿದೆ: ಮಿತಿ, ಮರೆವು, ಕೆಂಪು ಪೆನ್ನು.

"ನಿನಗೆ ನನ್ನ ಭಾಷೆ ಎಷ್ಟು ಬರುತ್ತೆ?"

"ಒಂದಕ್ಷರವೂ ಬರಲ್ಲ."

"ನನ್ನನ್ನು ಸರ್ಕಾರ ಕತ್ತರಿಸಿದೆ. ಪಾದ್ರಿ ಕತ್ತರಿಸಿದ್ದಾನೆ. ಮಾಲೀಕನ ಭಾವಮೈದುನ ಕತ್ತರಿಸಿದ್ದಾನೆ." ಬೆರಳು ಮಡಚುತ್ತಾ ಹೋದರು. "ಅವರಿಗೆಲ್ಲ ಓದೋಕಾದರೂ ಬರ್ತಿತ್ತು."

ಆಮೇಲೆ, ಇವತ್ತು ಹೋಗು ಎಂದರು. ನಾಲ್ಕು ಗಂಟೆಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಆಫೀಸಿನವರು ಕಳಿಸುವ ಕೆಲಸದ ಪಟ್ಟಿಯಲ್ಲಿ ಶುಕ್ರವಾರ ಅವರ ಮನೆ ಇರಲಿಲ್ಲ. ಮುಂದಿನ ಮಂಗಳವಾರವೂ ಇರಲಿಲ್ಲ. ಆಫೀಸಿನವರು ಕಾರಣ ಹೇಳಲಿಲ್ಲ, ನಾನು ಕೇಳಲಿಲ್ಲ. ಆ ಎರಡು ಗಂಟೆಗಳಲ್ಲಿ ಕಾರನ್ನು ಒಂದು ಸರ್ವೋ, ಅಂದರೆ ಪೆಟ್ರೋಲ್ ಬಂಕಿನ ಪಕ್ಕ ನಿಲ್ಲಿಸಿ, ಪೆಟ್ರೋಲು ಹಾಕಿಸಿಕೊಳ್ಳುವವರನ್ನು ನೋಡುತ್ತಾ ಕಾಫಿ ಕುಡಿಯುತ್ತಿದ್ದೆ. ಎಲ್ಲರಿಗೂ ಹೋಗಲು ಒಂದು ಕಡೆ ಇದ್ದ ಹಾಗೆ ಕಾಣುತ್ತಿತ್ತು.

ಆ ವಾರಾಂತ್ಯ ಬ್ರಿಸ್ಬೇನಿಗೆ ಹೋದೆ. ನನ್ನ ಹೆಂಡತಿ ಚಪಾತಿ ಲಟ್ಟಿಸುತ್ತಾ ಎಲ್ಲ ಕೇಳಿಸಿಕೊಂಡಳು. "ಒಂದೇ ಮಾತನ್ನ ನಾಲ್ಕ್ ಸಲ ಹೇಳಿದ್ರೆ ಮರೆವು ಅಂದ್ಕೋತೀರಾ? ಹಾಗಾದ್ರೆ ನನಗೆ ಯಾವತ್ತೋ ಬಂದಿರ್ಬೇಕು" ಎಂದಳು. "ಇಲ್ಲಿಗೆ ಬಂದ್ಬಿಡಿ, ಇಲ್ಲೂ ಮುದುಕ್ರಿದಾರೆ ಅಂತ ಎಷ್ಟ್ ಸಲ ಹೇಳಿದೀನಿ?"

"ನೋಡ್ತೀನಿ" ಎಂದೆ. ಅವಳು ಚಪಾತಿ ತಿರುವಿ ಹಾಕಿದಳು. ಅಲ್ಲಿ ಆ ಮನೆಯಲ್ಲಿ ನನಗೊಂದು ಟವೆಲಿದೆ, ಅತಿಥಿಗಳ ಟವೆಲುಗಳ ಜೊತೆ ಮಡಚಿಟ್ಟಿರುತ್ತಾರೆ.

ಮಗಳಿಗೆ ಹದಿನಾರು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಸೋಫಾದ ಮೇಲೆ ಕಾಲು ಚಾಚಿಕೊಂಡೇ, "ಡ್ಯಾಡ್, ಜಸ್ಟ್ ಸೆಂಡ್ ಹರ್ ದ ಮಿಸ್ಸಿಂಗ್ ಬಿಟ್" ಎಂದಳು.

"ಅವ್ರನ್ನ ಕೇಳ್ದೇನೇ ಕಳ್ಸೋದಾ? ಸರಿಯಾಗುತ್ತಾ?"

"ಕೇಳ್ದೇನೇ ಕಟ್ ಮಾಡ್ಲಿಲ್ವಾ?" ಎಂದಳು. ಇದೊಂದನ್ನು ಮಾತ್ರ ಕನ್ನಡದಲ್ಲಿ ಹೇಳಿದಳು, ನಾನು ತಪ್ಪಿಸಿಕೊಳ್ಳದಿರಲಿ ಎಂದಿರಬೇಕು.

ನೋಟ್‌ಬುಕ್ ಚೀಲದಲ್ಲೇ ಇತ್ತು. ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿಕೊಂಡು, ಕೆಂಪು ಗೀಟಿನ ಕೆಳಗಿನಿಂದ ಇಣುಕುತ್ತಿದ್ದ ಮೂರು ಸಾಲನ್ನು ಓದಿ ರೆಕಾರ್ಡ್ ಮಾಡಿದೆ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ: ಇದನ್ನು ಕತ್ತರಿಸಿದ್ದು ಪತ್ರಿಕೆಯಲ್ಲ, ನಿಮ್ಮ ದೊಡ್ಡಪ್ಪನೂ ಅಲ್ಲ, ನಾನು. ನಾಲ್ಕು ಸಲ ಹೇಳಿದ್ದರು. ಪ್ರತಿ ಸಲ ಬೇರೆ ಕಡೆ ತಿರುಗಿ ಹೇಳಿದ್ದರು. ದಯವಿಟ್ಟು ನಿಮ್ಮ ತಂದೆಗೆ ಕೇಳಿಸಿ. ಕಳಿಸಿದ ಮೇಲೆ ಅದು ತಲುಪಿತೇ ಎಂದು ಹತ್ತು ಸಲ ನೋಡಿದೆ. ತಲುಪಿತ್ತು. ಉತ್ತರ ಬರಲಿಲ್ಲ. ಅಡಿಲೇಡಿಗೆ ವಾಪಸು ಬಂದೆ. ಒಂದು ವಾರ ಕಳೆದರೂ ಬರಲಿಲ್ಲ.

ಆಮೇಲಿನ ಸೋಮವಾರ ಆಫೀಸಿನಿಂದ ಪಟ್ಟಿ ಬಂತು. ಮಂಗಳವಾರ, ಎರಡರಿಂದ ನಾಲ್ಕು, ಅಂಕಲ್ ಮನೆ. ಬೈಯಲು ಕರೆಸಿದ್ದಾರೋ, ದೂರು ಬರೆಸಲು ಕರೆಸಿದ್ದಾರೋ ಎಂದು ಯೋಚಿಸುತ್ತಾ ಹೋದೆ. ದಾರಿಯಲ್ಲಿ ಒಂದು ತಿರುವು ತಪ್ಪಿಸಿಕೊಂಡು ತಡವೂ ಆಯಿತು.

ಬಾಗಿಲ ಹೊರಗೇ ಜಗಳ ಕೇಳಿಸಿತು. ಒಳಗೆ ಹೋದರೆ ಊಟದ ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಫೋನು ಒರಗಿಸಿಟ್ಟಿತ್ತು. ಅದರಲ್ಲಿ ಟೋಪಿ ಹಾಕಿದ ಮುದುಕರೊಬ್ಬರು ಬ್ರೆಡ್ಡನ್ನು ಹಾಲಿಗೆ ಅದ್ದುತ್ತಾ ಅರಚುತ್ತಿದ್ದರು. ಅಲ್ಲಿ ಬೆಳಗಿನ ತಿಂಡಿಯ ಹೊತ್ತು. ಅಂಕಲ್ ಫೋನನ್ನು ನೋಡಲಿಕ್ಕಾಗಿ ಕಿಟಕಿಯ ಕಡೆ ಮುಖ ಮಾಡಿ ಅರಚುತ್ತಿದ್ದರು. ನಾನು ನಿಂತಲ್ಲೇ ನಿಂತೆ. ಎಲ್ಲ ಕೆಡಿಸಿದೆ ಎಂದುಕೊಂಡೆ. ಅಷ್ಟರಲ್ಲಿ ಫೋನಿನೊಳಗೆ ಒಬ್ಬ ಹೆಂಗಸು ಪಕ್ಕದಿಂದ ತಲೆ ಹಾಕಿ, "ನೀವೇನಾ?" ಎಂದಳು. ತಮ್ಮನ ಮಗಳು. ಎರಡು ವರ್ಷದಲ್ಲಿ ಮುಖ ನೋಡಿದ್ದು ಅದೇ ಮೊದಲು.

"ಇನ್ನೂ ಸಿಟ್ಟಲ್ಲಿದ್ದಾರಾ?" ಎಂದು ಕೇಳಿದೆ.

"ಅಪ್ಪ ನಿಮ್ಮ ಮೂರು ಸಾಲನ್ನು ಒಂದು ವಾರ ಕೇಳಿದರು. ದಿನಾ. ಏನೂ ಹೇಳಲಿಲ್ಲ. ಭಾನುವಾರ ಫೋನ್ ಹಾಕಿಕೊಡು ಅಂದರು. ಈಗ ಜಗಳ ಯಾವ ದಿಕ್ಕು ಮೊದಲು ಅಂತ. ಅಜ್ಜಿ ಮೊದಲು ಕಡಲ ಕಡೆ ತಿರುಗ್ತಿದ್ದಳು ಅಂತ ಅಪ್ಪ. ಮೊದಲು ಗೋಡೆಯ ಕಡೆ ಅಂತ ಇವರು."

ಅಂಕಲ್ ನನ್ನ ಹೆಜ್ಜೆಯ ಸದ್ದಿಗೆ ತಿರುಗಿದರು. "ಬಂದೆಯಾ ಎಡಿಟರೇ. ಕೂತ್ಕೋ. ಅಂಕಣ ಮತ್ತೆ ಬರೀಬೇಕು, ಪೂರ್ತಿ. ಕೆಂಪು ಪೆನ್ನು ಅಲ್ಲಿ ಕಸದ ಬುಟ್ಟಿಗೆ ಹಾಕು."

ಹಾಕಿದೆ. ನೀಲಿ ಪೆನ್ನು ಅವರೇ ಕೊಟ್ಟರು. ಅಣ್ಣ ಒಂದು ವಾಕ್ಯ ಹೇಳಿದರೆ ತಮ್ಮ ಅದನ್ನು ತಿದ್ದುತ್ತಿದ್ದರು. ತಮ್ಮ ತಿದ್ದಿದ್ದನ್ನು ಅಣ್ಣ ತಳ್ಳಿಹಾಕುತ್ತಿದ್ದರು. ಅಣ್ಣನಿಗೆ ಗೊತ್ತಿಲ್ಲದ ಏಳು ವರ್ಷಗಳು ಬಂದಾಗ ಮಾತ್ರ, ಬಂದವೆಂದು ನನಗೆ ಪಿಸುಗುಟ್ಟಿದ್ದು ತಮ್ಮನ ಮಗಳು, ಅವರು ಬಾಯಿ ಮುಚ್ಚಿಕೊಂಡು ಕೇಳಿದರು, ತಮ್ಮ ನಿಧಾನವಾಗಿ ಹೇಳಿದರು, ನಾನು ಬರೆದುಕೊಂಡೆ. ಏನು ಹೇಳಿದರೋ ನನಗೆ ತಿಳಿಯದು. ಅಂಕಲ್ ಕಿಟಕಿಯ ಕಡೆಗಿದ್ದ ಮುಖವನ್ನು ತಿರುಗಿಸಲೇ ಇಲ್ಲ. ನಾಲ್ಕು ಸಾಲು ಬಂದಾಗ ಮೂರನ್ನು ಅಣ್ಣ ಹೇಳಿದರು. ನಾಲ್ಕನೆಯದನ್ನು ತಮ್ಮನೇ ಹೇಳಿದರು, ಬ್ರೆಡ್ಡು ಕೆಳಗಿಟ್ಟು.

ಪತ್ರಿಕೆಯ ಮಿತಿಗೆ ಅದು ಎರಡರಷ್ಟಾಗಿತ್ತು. ನಾನು ಎಣಿಸಲಿಲ್ಲ, ನೋಡಿದರೇ ಗೊತ್ತಾಗುತ್ತಿತ್ತು.

ಮುಗಿದ ಮೇಲೆ ತಮ್ಮ ನನ್ನನ್ನು ಬೆರಳಿನಿಂದ ತೋರಿಸಿ ಏನೋ ಕೇಳಿದರು. ಅಂಕಲ್ ಒಂದೇ ವಾಕ್ಯದಲ್ಲಿ ಉತ್ತರ ಕೊಟ್ಟರು. ತಮ್ಮ ನನ್ನನ್ನೇ ನೋಡುತ್ತಾ ಮೆಲ್ಲಗೆ ತಲೆಯಾಡಿಸಿದರು. ಮರುಕದಿಂದ ಎಂದು ನನಗನ್ನಿಸಿತು. ಆದರೆ ನನಗೆ ಎಲ್ಲವೂ ಹಾಗೇ ಅನ್ನಿಸುತ್ತದೆ. ತಮ್ಮನ ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದವಳು, ಅದೇಕೋ ಸುಮ್ಮನಾದಳು. ಈ ಹೊತ್ತಿನಲ್ಲಿ ಇವನು ಇಲ್ಲೇನು ಮಾಡುತ್ತಿದ್ದಾನೆ, ಇವನಿಗೆ ಮನೆ ಮಠ ಇಲ್ಲವೇ ಎಂದು ಕೇಳಿರಬಹುದು. ಅದಕ್ಕೆ ಅಂಕಲ್ ಏನು ಹೇಳಿದರೆಂದು ನಾನು ಕೇಳಬಹುದಿತ್ತು.

"ಓದು" ಎಂದರು ಅಂಕಲ್.

ನಾನು ಮೊದಲ ಪುಟಕ್ಕೆ ತಿರುಗಿಸಿ ಓದತೊಡಗಿದೆ. ಇಬ್ಬರೂ ಮುದುಕರು ಮಾತು ನಿಲ್ಲಿಸಿ ಕೇಳುತ್ತಿದ್ದರು.